ನೂರು ವರ್ಷದ ಊರಿಗೆ ಎರಡು ನಿಮಿಷ

2023ರ ಜನವರಿ. ವಿಧಾನಸಭೆ ಚುನಾವಣೆಗೆ ನಾಲ್ಕು ತಿಂಗಳೂ ಉಳಿದಿರಲಿಲ್ಲ. ನಮ್ಮ ನ್ಯೂಸ್‌ರೂಮ್‌ನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಒಂದೇ ಮಾತು. ಯಾರಿಗೆ ಟಿಕೆಟ್, ಯಾರು ಪಕ್ಷ ಬಿಡ್ತಾರೆ, ಯಾರು ಯಾರ ಮನೆಗೆ ಊಟಕ್ಕೆ ಹೋದರು. ಅಂಥದ್ದೇ ಒಂದು ಸಂಜೆ ಶಿವಮೊಗ್ಗದಿಂದ ಸುದ್ದಿ ಬಂತು. ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆಯನ್ನು ಮುಚ್ಚೋದಕ್ಕೆ ಭಾರತೀಯ ಉಕ್ಕು ಪ್ರಾಧಿಕಾರ, ಅಂದ್ರೆ ಸೈಲ್‌ನ ಆಡಳಿತ ಮಂಡಳಿ ತೀರ್ಮಾನ ಮಾಡಿದೆ ಅಂತ.

ಆ ರಾತ್ರಿ ಬುಲೆಟಿನ್ ಓದಿದವನು ನಾನೇ. ಕಿವಿಯಲ್ಲಿ ಪ್ರೊಡ್ಯೂಸರ್ ದನಿ: 'ಎರಡು ನಿಮಿಷ ಸಾಕು, ಮುಗಿಸಿ ಡಿಬೇಟ್‌ಗೆ ಹೋಗೋಣ.' ಎದುರಿಗಿದ್ದ ಸಾಲನ್ನು ಇದ್ದ ಹಾಗೇ ಓದಿದೆ. 'ನಷ್ಟದ ಸುಳಿಗೆ ಸಿಲುಕಿದ್ದ ಕಾರ್ಖಾನೆಗೆ ಕೊನೆಗೂ ಬೀಗ.' ಓದಿದೆ, ಮುಗೀತು. ಮುಂದಿನ ಐವತ್ತು ನಿಮಿಷ ನಾಲ್ಕು ಜನ ವಕ್ತಾರರನ್ನು ಕೂರಿಸಿಕೊಂಡು ಟಿಕೆಟ್ ಬಗ್ಗೆ ಜಗಳ ಆಡಿಸಿದೆ.

ಸ್ಟುಡಿಯೋದಿಂದ ಹೊರಗೆ ಬಂದು ಮೊಬೈಲ್ ನೋಡಿದರೆ ಸೋದರಮಾವನ ಮೂರು ಮಿಸ್ಡ್ ಕಾಲ್. ಮಾವ ಅದೇ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ವಾಪಸ್ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. 'ಏನೋ, ನಷ್ಟದ ಕಾರ್ಖಾನೆ ಅಂತ ಓದಿದ್ಯಲ್ಲ. ಅದು ಹುಟ್ಟಿದ್ದೇ ನಷ್ಟದಲ್ಲಿ ಕಣೋ. ಗೊತ್ತಿತ್ತಾ ನಿಂಗೆ?' ಅಂದರು.

ನನಗೆ ಗೊತ್ತಿರಲಿಲ್ಲ.

ನಾನು ಇಂಜಿನಿಯರಿಂಗ್ ಓದಿದವನು. ಓದಿದ ಯೂನಿವರ್ಸಿಟಿಗೇ ವಿಶ್ವೇಶ್ವರಯ್ಯನವರ ಹೆಸರು, ಹಾಗಾಗಿ ನನ್ನ ಡಿಗ್ರಿ ಸರ್ಟಿಫಿಕೇಟ್ ಮೇಲೂ ಅವರ ಹೆಸರಿದೆ. ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ ಸ್ಪೆಷಲ್ ಮಾಡ್ತೀವಿ. ಕನ್ನಂಬಾಡಿ ಕಟ್ಟೆ ತೋರಿಸ್ತೀವಿ, ಅವರ ಪೇಟ ತೋರಿಸ್ತೀವಿ. ಆದರೆ ಅವರ ಹೆಸರನ್ನೇ ಹೊತ್ತ ಕಾರ್ಖಾನೆ ಮೊದಲ ದಿನದಿಂದ ಏನು ಅನುಭವಿಸಿತು ಅನ್ನೋದನ್ನ ನನಗೆ ಯಾವ ಪಠ್ಯವೂ ಹೇಳಿರಲಿಲ್ಲ, ನಾನೂ ಹುಡುಕಿರಲಿಲ್ಲ. ಮಾವನ ಆ ಒಂದು ಪ್ರಶ್ನೆಯಿಂದ ಶುರುವಾದ ಓದು ಇದು.

ಮೊದಲು ಊರಿನ ಹೆಸರಿನಿಂದಲೇ ಶುರು ಮಾಡ್ತೀನಿ. ಭದ್ರಾವತಿಗೆ ಹಿಂದೆ ಬೆಂಕಿಪುರ ಅಂತ ಹೆಸರಿತ್ತು. ಕಬ್ಬಿಣದ ಕುಲುಮೆಯ ಬೆಂಕಿಯಿಂದ ಆ ಹೆಸರು ಬಂತು ಅಂತ ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅಲ್ಲ. ಹೆಸರು ಕುಲುಮೆಗಿಂತ ಹಳೆಯದು. ವಂಕಿ ಮಹರ್ಷಿಯ ಊರು, ವಂಕಿಪುರ, ಅದೇ ಬೆಂಕಿಪುರ ಆಯಿತು ಅನ್ನೋದು ಪ್ರತೀತಿ. ಹಳೇನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇವತ್ತೂ ಇದೆ. ತಮಾಷೆ ನೋಡಿ, ಊರಿಗೆ ನಿಜವಾದ ಬೆಂಕಿ ಬಂದ ಮೇಲೆ ಹೆಸರಿನಿಂದ ಬೆಂಕಿ ಹೋಯಿತು, ಹೊಳೆಯ ಹೆಸರಿನಿಂದ ಭದ್ರಾವತಿ ಆಯಿತು. ಭದ್ರಾ ಹೊಳೆಯ ಒಂದು ಕಡೆ ದೇವಸ್ಥಾನದ ಹಳೇನಗರ, ಇನ್ನೊಂದು ಕಡೆ ಕಾರ್ಖಾನೆಯ ನ್ಯೂಟೌನ್. 'ನ್ಯೂ' ಅನ್ನೋ ಆ ಊರಿಗೂ ಈಗ ನೂರು ವರ್ಷ.

ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾಗಿದ್ದು 1912ರಿಂದ 1918ರವರೆಗೆ. ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿದೆ ಅಂತ ಗೊತ್ತಿತ್ತು. ಆದರೆ ಅದಿರಿದ್ದ ಮಾತ್ರಕ್ಕೆ ಕಬ್ಬಿಣ ಆಗಲ್ಲ. ಅದಿರು ಅಂದ್ರೆ ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಿರುವ ಕಲ್ಲು. ಆ ಆಮ್ಲಜನಕವನ್ನು ಬಿಡಿಸಬೇಕಾದರೆ ಇಂಗಾಲ ಬೇಕು. ಜೊತೆಗೆ ಕಲ್ಲನ್ನು ಕರಗಿಸುವ ಕಾವೂ ಬೇಕು. ಇವೆರಡನ್ನೂ ಕೊಡೋದು ಕಲ್ಲಿದ್ದಲಿನಿಂದ ಮಾಡಿದ ಕೋಕ್. ಜೆಮ್ಶೆಡ್‌ಪುರದಲ್ಲಿ ಟಾಟಾದವರಿಗೆ ಕಲ್ಲಿದ್ದಲು ಪಕ್ಕದಲ್ಲೇ ಇತ್ತು. ಮೈಸೂರು ಸಂಸ್ಥಾನದಲ್ಲಿ ಒಂದು ಬುಟ್ಟಿ ಕಲ್ಲಿದ್ದಲೂ ಸಿಗುತ್ತಿರಲಿಲ್ಲ.

ಆದರೆ ಇಲ್ಲಿ ಕಾಡಿತ್ತು. ಕೋಕ್ ಇಲ್ಲದಿದ್ದರೆ ಸೌದೆ ಇದ್ದಿಲಿನಿಂದಲೇ ಕಬ್ಬಿಣ ತೆಗೆಯೋಣ ಅನ್ನೋದು ಯೋಜನೆ. ಟಾಟಾದವರಿಗೂ ಸಲಹೆಗಾರರಾಗಿದ್ದ ಅಮೆರಿಕದ ಸಿ.ಪಿ. ಪೆರಿನ್ ಅವರ ಕಂಪನಿ ಇಲ್ಲಿಯೂ ಸಲಹೆ ಕೊಟ್ಟಿತು. ಸೌದೆಯನ್ನು ಬಯಲಲ್ಲಿ ಸುಟ್ಟರೆ ಇದ್ದಿಲು ಸಿಗುತ್ತೆ, ಹೊಗೆ ಗಾಳಿಗೆ ಹೋಗುತ್ತೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಆ ಹೊಗೆಯನ್ನೂ ತಣಿಸಿ ಹಿಡಿಯಬಹುದು. ಅದರಿಂದ ಮೀಥೈಲ್ ಆಲ್ಕೋಹಾಲ್, ಅಸಿಟೇಟ್, ಡಾಂಬರು. ಹೊಗೆಯನ್ನೂ ಮಾರುವ ಲೆಕ್ಕ. ಅದಕ್ಕೇ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣಕ್ಕಿಂತ ಮೊದಲು ಮರ ಬರುತ್ತೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್.

ನೀರಿಗೆ ಭದ್ರಾ ಹೊಳೆ, ಸಾಗಾಣಿಕೆಗೆ ಬೀರೂರು–ಶಿವಮೊಗ್ಗ ರೈಲು, ಸೌದೆಗೆ ಸುತ್ತಲಿನ ಮಲೆನಾಡು. ಜಾಗ ಬೆಂಕಿಪುರ ಅಂತ ಗೊತ್ತಾಯಿತು. ಕಟ್ಟೋದಕ್ಕೆ ಶುರು ಮಾಡುವ ಹೊತ್ತಿಗೆ ಮೊದಲನೇ ಮಹಾಯುದ್ಧದ ಕಾಲ, ಕಬ್ಬಿಣಕ್ಕೆ ಚಿನ್ನದ ಬೆಲೆ. ಕಟ್ಟಿ ಮುಗಿಸಿ 1923ರ ಜನವರಿ 18ರಂದು ಕೆಲಸ ಶುರುವಾಗುವ ಹೊತ್ತಿಗೆ ಯುದ್ಧ ಮುಗಿದು ವರ್ಷಗಳೇ ಕಳೆದಿದ್ದವು. ಬೀಡು ಕಬ್ಬಿಣದ ಬೆಲೆ ನೆಲಕ್ಕೆ ಬಿದ್ದಿತ್ತು. ಬಾಗಿಲು ತೆರೆದ ದಿನವೇ ಕಾರ್ಖಾನೆ ನಷ್ಟದಲ್ಲಿತ್ತು. ಮಾವ ಹೇಳಿದ್ದು ಇದನ್ನೇ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಆಗಲೂ ಟೀಕೆ ಬಂತು. ಸಂಸ್ಥಾನದ ದುಡ್ಡನ್ನು ಕುಲುಮೆಗೆ ಸುರಿದರು ಅನ್ನೋ ಮಾತು ಕೇಳಿಬಂತು. ಅಷ್ಟು ಹೊತ್ತಿಗೆ ವಿಶ್ವೇಶ್ವರಯ್ಯ ದಿವಾನ್‌ಗಿರಿ ಬಿಟ್ಟು ವರ್ಷಗಳಾಗಿದ್ದವು. 'ನನ್ನ ಕಾಲದ ಯೋಜನೆ, ಈಗಿನವರು ನೋಡಿಕೊಳ್ಳಲಿ' ಅಂತ ಸುಮ್ಮನಿರಬಹುದಿತ್ತು. ಸಂಸ್ಥಾನ ಕೇಳಿಕೊಂಡಾಗ ಅರವತ್ತು ದಾಟಿದ ಮನುಷ್ಯ ಕಾರ್ಖಾನೆಯ ಮಂಡಳಿಗೆ ಅಧ್ಯಕ್ಷರಾಗಿ ಬಂದರು. 1923ರಿಂದ 1929ರವರೆಗೆ ಆ ನಷ್ಟದ ಜೊತೆ ಗುದ್ದಾಡಿದರು. ಖರ್ಚು ಕಡಿಮೆ ಮಾಡಿದರು, ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನವರನ್ನೇ ತಯಾರು ಮಾಡಿದರು. ಆ ಕೆಲಸಕ್ಕೆ ಬಂದ ಸಂಬಳವನ್ನು ತಾವು ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು, ಅದಕ್ಕೆ ತಮ್ಮ ಹೆಸರು ಬೇಡ ಅಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ.

ಬೀಡು ಕಬ್ಬಿಣ ಮಾರಿದರೆ ಲಾಭವಿಲ್ಲ ಅಂತಾದಾಗ ಅವತ್ತಿನವರು ಅದೇ ಕಬ್ಬಿಣದಿಂದ ಇನ್ನೇನು ಮಾಡಬಹುದು ಅಂತ ನೋಡಿದರು. ಎರಕದ ಪೈಪ್ ಬಂತು. 1936ರಲ್ಲಿ ಉಕ್ಕಿನ ಘಟಕ ಬಂತು. ಆಮೇಲೆ ಸಿಮೆಂಟ್ ಬಂತು. ಜೋಗದ ಕರೆಂಟ್ ಸಿಕ್ಕ ಮೇಲೆ, 1950ರ ದಶಕದಲ್ಲಿ, ವಿದ್ಯುತ್ ಕುಲುಮೆಗಳು ಬಂದವು. ಸೌದೆಯ ಮೇಲಿನ ಅವಲಂಬನೆ ಕಡಿಮೆಯಾಯಿತು. 1923ರ ಲೆಕ್ಕದ ಪುಸ್ತಕ ಒಂದನ್ನೇ ನೋಡಿ ತೀರ್ಮಾನ ಮಾಡಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ.

ಹಾಗಂತ ಇದನ್ನು ಬರೀ ಹೆಮ್ಮೆಯ ಕಥೆಯಾಗಿ ಹೇಳಿದರೆ ನಾನು ಮತ್ತೆ ಅರ್ಧ ಸುದ್ದಿ ಓದಿದ ಹಾಗೆ. ಆ ಕುಲುಮೆಗೆ ಬಿದ್ದ ಇದ್ದಿಲು ಎಲ್ಲಿಂದ ಬಂತು? ಮಲೆನಾಡಿನ ಕಾಡಿನಿಂದ. ಸೌದೆ ತರೋದಕ್ಕೆ ಅಂತಲೇ ಕಾಡಿನೊಳಗೆ ಟ್ರಾಂ ಹಳಿ ಹಾಕಿದರು. ನೂರಾರು ವರ್ಷದ ಮರಗಳು ಕೆಲವೇ ಗಂಟೆಯಲ್ಲಿ ಇದ್ದಿಲಾದವು. ಕೆಮ್ಮಣ್ಣುಗುಂಡಿಯ ಬೆಟ್ಟಕ್ಕೆ ಟೂರ್ ಹೋದಾಗ ನಾವು ಗುಲಾಬಿ ತೋಟದ ಫೋಟೋ ತೆಗೆದುಕೊಂಡು ಬರ್ತೀವಿ, ಅದೇ ಬೆಟ್ಟವನ್ನು ದಶಕಗಳ ಕಾಲ ಅಗೆದಿದ್ದನ್ನ ನೆನೆಸಿಕೊಳ್ಳೋದು ಕಡಿಮೆ. ನ್ಯೂಟೌನ್ ಅನ್ನೋ ಊರು ಬೆಳೆದದ್ದಕ್ಕೆ ಕಾಡು ಬೆಲೆ ಕೊಟ್ಟಿದೆ. ಇಷ್ಟು ಬೆಲೆ ಕೊಟ್ಟು ಕಟ್ಟಿದ್ದನ್ನು ಯಾರೂ ತಲೆಕೆಡಿಸಿಕೊಳ್ಳದೆ ಬಿಟ್ಟರೆ ಆ ಕಾಡೂ ದಂಡ ಆದ ಹಾಗೆ ಅನ್ನೋದು ನನ್ನ ಸಂಕಟ.

ನನಗೆ ಗೊತ್ತಿರುವ ನ್ಯೂಟೌನ್ ತೊಂಬತ್ತರ ದಶಕದ್ದು. ಬೇಸಿಗೆ ರಜಕ್ಕೆ ಮಾವನ ಕ್ವಾರ್ಟರ್ಸ್‌ಗೆ ಹೋಗ್ತಿದ್ವಿ. ಮನೆಯಲ್ಲಿ ಗಡಿಯಾರ ಇತ್ತು, ಆದರೆ ಅತ್ತೆ ಅದನ್ನು ನೋಡಿದ್ದು ನೆನಪಿಲ್ಲ. ಕಾರ್ಖಾನೆ ಸೈರನ್ ಕೂಗಿದರೆ ಅನ್ನಕ್ಕೆ ಇಡೋದು, ಇನ್ನೊಂದು ಸಲ ಕೂಗಿದರೆ ಬಾಗಿಲು ತೆಗೆಯೋದು. ರಾತ್ರಿ ಕಿಟ್ಟ ಸುರಿದಾಗ ಆಕಾಶ ಒಂದು ಕ್ಷಣ ಕೆಂಪಗಾಗುತ್ತಿತ್ತು. ಬೆಂಗಳೂರಿನ ಹುಡುಗ ನಾನು ಹೆದರಿ ಎದ್ದು ಕೂತರೆ 'ಮಲಗೋ, ಮಾವನ ಕೆಲಸ ನಡೀತಿದೆ' ಅನ್ನೋರು ಅತ್ತೆ. ಪಕ್ಕದ ಮನೆಯಲ್ಲಿ ತಮಿಳು, ಎದುರು ಮನೆಯಲ್ಲಿ ಉರ್ದು, ಹಿಂದಿನ ಸಾಲಿನಲ್ಲಿ ತೆಲುಗು. ಮಕ್ಕಳು ಜಗಳ ಆಡೋದು ಮಾತ್ರ ಕನ್ನಡದಲ್ಲಿ. ಜನ್ನಾಪುರ, ಹುತ್ತಾ ಕಾಲೋನಿ, ಜಿಂಕ್‌ಲೈನ್, ಹೊಳೆಯ ಆಚೆಯಿಂದ ಬರುವವರು, ಎಲ್ಲರೂ ಸೈಕಲ್ ತುಳಿದುಕೊಂಡು ಒಂದೇ ಗೇಟಿಗೆ ಬರೋರು. ನಿಮ್ಮ ಜಾತಿ ಯಾವುದು ಅನ್ನೋದಕ್ಕಿಂತ ನಿಮ್ಮ ಶಿಫ್ಟ್ ಯಾವುದು ಅನ್ನೋ ಪ್ರಶ್ನೆ ಅಲ್ಲಿ ಹೆಚ್ಚು ಕೇಳಿಬರುತ್ತಿತ್ತು. ಜಾತಿ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಶಿಫ್ಟ್ ಅನ್ನೋ ಇನ್ನೊಂದು ಗುರುತೂ ಇತ್ತು ಅಂತಷ್ಟೇ ಹೇಳ್ತಿದ್ದೀನಿ.

ನಿಗದಿಯಾದ ಸಂಬಳ, ನಿಗದಿಯಾದ ಶಿಫ್ಟ್ ಇದ್ದರೆ ಮನುಷ್ಯನಿಗೆ ಸಂಜೆ ಅನ್ನೋದು ಸಿಗುತ್ತೆ. ಆ ಸಂಜೆಯಲ್ಲಿ ಏನೇನು ಬೆಳೆಯುತ್ತೆ ನೋಡಿ. ಬೆಳ್ಳಿತೆರೆಯ ಮೇಲೆ ನಮ್ಮನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ ದೊಡ್ಡಣ್ಣ ಸಿನಿಮಾಕ್ಕೆ ಬರುವ ಮೊದಲು ಇದೇ ವಿಐಎಸ್‌ಎಲ್‌ನಲ್ಲಿ ಕೆಲಸಕ್ಕಿದ್ದರು, ನಾಟಕದ ಹುಚ್ಚು ಹತ್ತಿಸಿಕೊಂಡಿದ್ದರು. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟ್‌ನಲ್ಲಿ ಒಂದು ಇನಿಂಗ್ಸ್‌ನಲ್ಲಿ ಸೊನ್ನೆ, ಮತ್ತೊಂದರಲ್ಲಿ 137 ಹೊಡೆದವರು. ಮೊದಲ ಇನಿಂಗ್ಸ್ ನೋಡಿ ಟೀಮಿನಿಂದ ಕೈಬಿಡುವವರು ಇದ್ದಿದ್ದರೆ ಎರಡನೆಯದು ಇರುತ್ತಿತ್ತಾ ಅಂತ ಮಾವ ಕೇಳ್ತಾರೆ. ಅದು ಕ್ರಿಕೆಟ್ ಬಗ್ಗೆ ಕೇಳಿದ ಪ್ರಶ್ನೆ ಅಲ್ಲ ಅಂತ ನನಗೆ ಅರ್ಥ ಆಗುತ್ತೆ.

1965ರಲ್ಲಿ ಆಕಾಶವಾಣಿ ಬಂದಿದ್ದು ಕೂಡ ಭದ್ರಾವತಿಗೇ. ಜಿಲ್ಲಾ ಕೇಂದ್ರ ಶಿವಮೊಗ್ಗ, ಆದರೆ ಅರ್ಧ ಮಲೆನಾಡು 'ಆಕಾಶವಾಣಿ, ಭದ್ರಾವತಿ' ಅಂತ ಕೇಳಿಕೊಂಡೇ ಬೆಳಗ್ಗೆ ಹಾಲು ಕರೆಯಿತು, ಅಡಿಕೆ ಸುಲಿಯಿತು. ಪ್ರದೇಶ ಸಮಾಚಾರ ಓದುವ ದನಿ ನಿಧಾನವಾಗಿರುತ್ತಿತ್ತು, ಕೂಗಾಡುತ್ತಿರಲಿಲ್ಲ. ನಾನು ಈ ವೃತ್ತಿಗೆ ಬರೋದಕ್ಕೆ ಅತ್ತೆಯ ಅಡುಗೆಮನೆಯ ಆ ರೇಡಿಯೋವೂ ಒಂದು ಕಾರಣ. ಈಗ ನನ್ನದೇ ದನಿ ಕೇಳಿಸಿಕೊಂಡರೆ ಆ ನಿಧಾನವನ್ನ ಎಲ್ಲಿ ಬಿಟ್ಟೆ ಅನಿಸುತ್ತೆ.

ಕಾರ್ಖಾನೆಯ ಚರಿತ್ರೆಯನ್ನು ಅದರ ಹೆಸರುಗಳಲ್ಲೇ ಓದಬಹುದು. ಮಹಾರಾಜರ ಕಾಲದಲ್ಲಿ ಮೈಸೂರು ಐರನ್ ವರ್ಕ್ಸ್. ಉಕ್ಕು ಬಂದ ಮೇಲೆ ಅದಕ್ಕೆ ಸ್ಟೀಲ್ ಸೇರಿತು. 1962ರಲ್ಲಿ ಸರ್ಕಾರಿ ಕಂಪನಿಯಾಗಿ ಮೈಸೂರು ಐರನ್ ಅಂಡ್ ಸ್ಟೀಲ್ ಲಿಮಿಟೆಡ್. ವಿಶ್ವೇಶ್ವರಯ್ಯ ತೀರಿಕೊಂಡಿದ್ದೂ ಅದೇ ವರ್ಷ. ಎಪ್ಪತ್ತರ ದಶಕದಲ್ಲಿ ಅವರ ಹೆಸರು ಬಂದು ವಿಐಎಸ್‌ಎಲ್ ಆಯಿತು. 1989ರಲ್ಲಿ ಸೈಲ್‌ನ ಅಂಗಸಂಸ್ಥೆ, 1998ರಲ್ಲಿ ಸೈಲ್‌ನಲ್ಲಿ ವಿಲೀನ. ಅಲ್ಲಿಂದ ಅದು ದೊಡ್ಡ ಮನೆಯ ಸಣ್ಣ ಸೊಸೆ. ಭಿಲಾಯಿ, ಬೊಕಾರೊ, ರೂರ್ಕೆಲದಂಥ ದೈತ್ಯರ ನಡುವೆ ವಿಶೇಷ ಉಕ್ಕು ಮಾಡುವ ಒಂದು ಸಣ್ಣ ಘಟಕ. ಸ್ವಂತ ಗಣಿ ಇಲ್ಲ. ಅದಿರಿಗಾಗಿ ಹುಟ್ಟಿದ ಕಾರ್ಖಾನೆ ಅದಿರನ್ನು ಹೊರಗಿನಿಂದ ಕೊಂಡು ತರಬೇಕು. ಹೊಸ ಬಂಡವಾಳ ಬೇಕಾದಷ್ಟು ಬರಲಿಲ್ಲ. ಬಂಡವಾಳ ಬರದಿದ್ದರೆ ಯಂತ್ರ ಹಳೆಯದಾಗುತ್ತೆ. ಯಂತ್ರ ಹಳೆಯದಾದರೆ ಖರ್ಚು ಏರುತ್ತೆ, ನಷ್ಟ ಬರುತ್ತೆ. ನಷ್ಟ ಬರೋ ಕಡೆಗೆ ಬಂಡವಾಳ ಹಾಕೋದು ಹೇಗೆ ಅಂತ ಕೇಳ್ತಾರೆ. ಈ ಚಕ್ರ ಎಲ್ಲಿ ಶುರುವಾಯಿತು ಅಂತ ಕೇಳಿದರೆ ಎಲ್ಲರೂ ಪಕ್ಕದವರ ಕಡೆ ಕೈ ತೋರಿಸ್ತಾರೆ.

ಆಮೇಲಿನದು ಬರೀ ದಿನಾಂಕಗಳು. 2016ರಲ್ಲಿ ಕೇಂದ್ರ ಸಂಪುಟ ಸಮಿತಿ ಕಾರ್ಖಾನೆಯ ಮಾರಾಟಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಕೊಳ್ಳುವವರು ಬನ್ನಿ ಅಂತ ಕರೆದದ್ದು 2019ರಲ್ಲಿ. ಯಾರೂ ಸರಿಯಾಗಿ ಬರಲಿಲ್ಲ ಅಂತ 2022ರ ಅಕ್ಟೋಬರ್‌ನಲ್ಲಿ ಆ ಪ್ರಕ್ರಿಯೆ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ. ಸರಿಯಾಗಿ ಅದೇ ವಾರ ಕಾರ್ಖಾನೆಗೆ ನೂರು ತುಂಬಿತ್ತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದು ಘಟಕಕ್ಕೆ ಮತ್ತೆ ಜೀವ ಬಂತು, ನವೆಂಬರ್‌ನಲ್ಲಿ ಶತಮಾನೋತ್ಸವವೂ ನಡೆಯಿತು. 2024ರಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಂದ್ರ ಉಕ್ಕು ಸಚಿವರಾದರು, ಕೆಲವೇ ದಿನದಲ್ಲಿ ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು.

ಈ ಪಟ್ಟಿಯನ್ನು ಓದೋದಕ್ಕೆ ನನಗೆ ಅರ್ಧ ನಿಮಿಷ ಸಾಕು. ಆದರೆ ಇದರೊಳಗೆ ಬದುಕಿದವನ ಲೆಕ್ಕ ಬೇರೆ. 2016ರಲ್ಲಿ ಐದನೇ ಕ್ಲಾಸಿನಲ್ಲಿದ್ದ ಗುತ್ತಿಗೆ ಕಾರ್ಮಿಕನ ಮಗಳು 2023ಕ್ಕೆ ಪಿಯುಸಿ ಮುಗಿಸುವ ಹೊತ್ತು. ಅಷ್ಟೂ ವರ್ಷ ಆ ಮನೆಯಲ್ಲಿ ಸೈಟ್ ಕೊಳ್ಳೋದಾ ಬೇಡವಾ, ಸಾಲ ಮಾಡೋದಾ ಬೇಡವಾ, ಊರು ಬಿಡೋದಾ ಬೇಡವಾ ಅನ್ನೋ ಮಾತು ತೀರ್ಮಾನವಾಗದೆ ಉಳಿದಿದೆ. ಧರಣಿ ನಡೆಯುವಾಗ ಒಂದು ಸಲ ಹೋಗಿದ್ದೆ. ಒಬ್ಬರು ನನ್ನ ಮೈಕ್ ಪಕ್ಕಕ್ಕೆ ಸರಿಸಿ ಹೇಳಿದರು: 'ಸಾರ್, ನಡೆಸ್ತೀವಿ ಅಂದ್ರೆ ದುಡೀತೀವಿ. ನಡೆಸಲ್ಲ ಅಂದ್ರೆ ಬೇರೆ ದಾರಿ ನೋಡ್ಕೋತೀವಿ. ಯಾವುದಾದ್ರೂ ಒಂದು ಹೇಳ್ಬಿಡಿ ಅನ್ನಿ ಅವರಿಗೆ.' ಆ ಮಾತು ಕ್ಯಾಮೆರಾದಲ್ಲಿ ರೆಕಾರ್ಡ್ ಆಗಲಿಲ್ಲ. ಆದರೆ ಭದ್ರಾವತಿಯ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಅದೇ.

ಇದು ರಾಜಕೀಯವಾಗಿ ಬಡ ಜಿಲ್ಲೆ ಆಗಿದ್ದರೆ ಒಂದು ಮಾತು. ಕಡಿದಾಳ್ ಮಂಜಪ್ಪ, ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಬಿ.ಎಸ್. ಯಡಿಯೂರಪ್ಪ, ನಾಲ್ವರು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ಇದು. ಪಟೇಲರ ಚನ್ನಗಿರಿ ಈಗ ದಾವಣಗೆರೆಗೆ ಸೇರಿದೆ, ಇರಲಿ. ಭದ್ರಾವತಿಯ ಶಾಸಕರಾಗಿದ್ದ ಎಂ.ಜೆ. ಅಪ್ಪಾಜಿಯವರು ಬೆಳೆದದ್ದೇ ಕಾರ್ಮಿಕ ಚಳವಳಿಯಿಂದ. ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಕಾಂಗ್ರೆಸ್ ಇತ್ತು, ಜನತಾ ಪರಿವಾರ ಇತ್ತು, ಬಿಜೆಪಿ ಇತ್ತು. ಯಾವ ಪಕ್ಷದ ಕೈ ಕಡೆಯೂ ಬೆರಳು ತೋರಿಸಿ ನಾನು ಸುಮ್ಮನಾಗಬಹುದು, ಡಿಬೇಟ್‌ನಲ್ಲಿ ಅದನ್ನೇ ಮಾಡ್ತೀವಿ. ಆದರೆ ಮೂವತ್ತು ವರ್ಷದ ನಿಧಾನವನ್ನು ಒಬ್ಬರ ತಲೆಗೆ ಕಟ್ಟೋದಕ್ಕೆ ಆಗಲ್ಲ. ಪ್ರತಿ ಚುನಾವಣೆಯಲ್ಲೂ 'ಕಾರ್ಖಾನೆ ಉಳಿಸ್ತೀವಿ' ಅಂದವರಿದ್ದರು. 'ಇಂಥ ತಾರೀಖಿನೊಳಗೆ ಇಷ್ಟು ಬಂಡವಾಳ, ಇಲ್ಲದಿದ್ದರೆ ಕಾರ್ಮಿಕರಿಗೆ ಇಂಥ ಪರಿಹಾರ' ಅಂತ ಬರೆದುಕೊಟ್ಟವರು ಬೇಕಿತ್ತು.

2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಪ್ರಧಾನಿ ಬಂದಿದ್ದರು, ಅವತ್ತೇ ಯಡಿಯೂರಪ್ಪನವರ 80ನೇ ಹುಟ್ಟುಹಬ್ಬ. ಬೆಳಗ್ಗೆಯಿಂದ ನಾವು ಲೈವ್. ಟರ್ಮಿನಲ್ ಕಮಲದ ಆಕಾರದಲ್ಲಿದೆಯಾ ಇಲ್ಲವಾ ಅನ್ನೋ ಬಗ್ಗೆಯೇ ಬಹಳ ಹೊತ್ತು ಮಾತಾಡಿದ್ವಿ. ವಿಮಾನ ನಿಲ್ದಾಣ ಬೇಕು, ನನಗೇನೂ ತಕರಾರಿಲ್ಲ. ಆದರೆ ಅದೇ ಹೊತ್ತಿಗೆ, ಸ್ವಲ್ಪವೇ ದೂರದಲ್ಲಿ, ನೂರು ವರ್ಷದ ಕಾರ್ಖಾನೆಯ ಗೇಟಿನ ಮುಂದೆ ಜನ ಕೂತಿದ್ದರು. ಆ ಕಡೆ ಒಂದು ಕ್ಯಾಮೆರಾ ತಿರುಗಿಸೋಣ ಅಂತ ನಾನೂ ಹೇಳಲಿಲ್ಲ.

ಊರಿನ ಇನ್ನೊಂದು ಕಾರ್ಖಾನೆಯ ಕಥೆ ಇದಕ್ಕೆ ಕನ್ನಡಿ. 1936ರಲ್ಲಿ ನಾಲ್ವಡಿಯವರ ಕಾಲದಲ್ಲೇ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಎಂಪಿಎಂ. 1981ರಿಂದ ಪತ್ರಿಕೆಗಳ ನ್ಯೂಸ್‌ಪ್ರಿಂಟ್ ತಯಾರಿಸೋಕೆ ಶುರು ಮಾಡಿತು. ಕನ್ನಡಿಗರು ಬೆಳಗ್ಗೆ ಕಾಫಿ ಜೊತೆ ಬಿಡಿಸಿ ಓದಿದ ಎಷ್ಟೋ ಪತ್ರಿಕೆಗಳ ಕಾಗದ ಭದ್ರಾವತಿಯದ್ದು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಪೇಪರ್‌ಟೌನ್ ಅನ್ನೋ ಹೆಸರು ಉಳಿದಿದೆ, ಪೇಪರ್ ಇಲ್ಲ. ಆದರೆ ಆ ಕಾರ್ಖಾನೆಗಾಗಿ ಮಲೆನಾಡಿನ ಉದ್ದಕ್ಕೂ ಬೆಳೆಸಿದ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಇನ್ನೂ ನಿಂತಿವೆ. ಕಾಗದವೇ ತಯಾರಾಗದ ಕಾರ್ಖಾನೆಗೆ ಆ ಕಾಡುಭೂಮಿಯ ಗುತ್ತಿಗೆ ಮುಂದುವರಿಸಿದಾಗ ಊರೂರಲ್ಲಿ ಜನ 'ನಮ್ಮೂರಿಗೆ ಅಕೇಶಿಯಾ ಬೇಡ' ಅಂತ ಬೀದಿಗೆ ಬಂದರು. ಒಂದು ಕಾರ್ಖಾನೆಯನ್ನು ಮುಚ್ಚದೆ, ನಡೆಸದೆ ಇಟ್ಟರೆ ಕಾರ್ಮಿಕನೂ ಹೋಗ್ತಾನೆ, ಕಾಡೂ ವಾಪಸ್ ಬರಲ್ಲ.

ಇಲ್ಲಿ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. ತೆರಿಗೆ ಕಟ್ಟುವವರ ದುಡ್ಡಿನಲ್ಲಿ ನಷ್ಟದ ಕಾರ್ಖಾನೆಯನ್ನು ಎಷ್ಟು ದಿನ ಸಾಕಬೇಕು? ನ್ಯಾಯವಾದ ಪ್ರಶ್ನೆ. ನಾನು ಐಟಿ ಕಂಪನಿಯ ಆಫರ್ ಲೆಟರ್ ಬಿಟ್ಟು ಮೈಕ್ ಹಿಡಿದವನು. ಖಾಸಗಿ ಉದ್ಯಮವನ್ನು ಬೈದು ಚಪ್ಪಾಳೆ ಗಿಟ್ಟಿಸುವ ಉದ್ದೇಶ ನನಗಿಲ್ಲ. ಎಲ್ಲ ಹಳೆಯ ಕಾರ್ಖಾನೆಗಳನ್ನೂ ಉಳಿಸಿಕೊಳ್ಳೋಕೆ ಆಗಲ್ಲ. 1923ರಲ್ಲಿ ಕಾಡು ಕೈಗೆ ಸಿಕ್ಕಷ್ಟು ಇತ್ತು, ಪೈಪೋಟಿ ಕಡಿಮೆ ಇತ್ತು, ಹೇಳಿದ್ದನ್ನು ಮಾಡಿಸುವ ಮಹಾರಾಜರಿದ್ದರು. ಇವತ್ತು ಅದೇ ಮದ್ದು ಕೆಲಸ ಮಾಡುತ್ತೆ ಅಂತ ಹೇಳೋದು ಮೋಸ.

ಆದರೆ ಅವತ್ತಿನ ಒಂದು ಗುಣ ಇವತ್ತಿಗೂ ಬೇಕು. ನಷ್ಟ ಬಂದಾಗ ಅವತ್ತಿನವರು ಕಾರ್ಖಾನೆಯ ಒಳಗೆ ಹೋದರು. ಯಾಕೆ ನಷ್ಟ, ಬೇರೇನು ಮಾಡಬಹುದು, ಯಾರನ್ನು ಕರೆತರಬೇಕು ಅಂತ ನೋಡಿದರು, ಒಬ್ಬ ಮನುಷ್ಯನ ತಲೆಯ ಮೇಲೆ ಜವಾಬ್ದಾರಿ ಹಾಕಿದರು, ಆ ಮನುಷ್ಯ ಆರು ವರ್ಷ ಅಲ್ಲಾಡಲಿಲ್ಲ. ನಮ್ಮ ಕಾಲದಲ್ಲಿ ನಷ್ಟ ಅನ್ನೋ ಪದವೇ ತೀರ್ಪು. ಆ ಪದ ಬಂದ ಮೇಲೆ ಯಾರೂ ಒಳಗೆ ಹೋಗಲ್ಲ, ಫೈಲ್ ಮಾತ್ರ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಹೋಗುತ್ತೆ. ಅದನ್ನು ತೀರ್ಪಿನ ಹಾಗೆ ಓದಿ ಹೇಳುವ ಕೆಲಸ ನಮ್ಮದು. ನಾನೂ ಓದಿದೆ.

ಟಿವಿಯಲ್ಲಿ ಒಂದು ಅನುಕೂಲ ಇದೆ. ಮಾತು ಗಾಳಿಗೆ ಹೋಗುತ್ತೆ, ಮರುದಿನ ಯಾರೂ ಕೇಳಲ್ಲ. ಪತ್ರಿಕೆಯಲ್ಲಾದರೆ ಒಳಪುಟದ ಮೂಲೆಯಲ್ಲಿ ತಪ್ಪೊಪ್ಪಿಗೆ ಹಾಕಬೇಕಾಗುತ್ತೆ. ಇದು ಪುಸ್ತಕ ಆಗ್ತಿರೋದ್ರಿಂದ ನನಗೂ ಆ ಅವಕಾಶ ಸಿಕ್ಕಿದೆ. ಮಾವನಿಗೂ, ಆ ರಾತ್ರಿ ಬುಲೆಟಿನ್ ನೋಡಿದ ನಿಮಗೂ ಸೇರಿ ನಾನು ಕೊಡಬೇಕಾದ ತಿದ್ದುಪಡಿ ಇದು:

'ನಷ್ಟದ ಸುಳಿಗೆ ಸಿಲುಕಿದ್ದ ಕಾರ್ಖಾನೆಗೆ ಕೊನೆಗೂ ಬೀಗ' ಅಂತ ಓದಿದ್ದೆ. ನಷ್ಟ ಕೊನೆಗೆ ಬಂದದ್ದಲ್ಲ, 1923ರಲ್ಲೇ ಇತ್ತು. ಅದರ ಜೊತೆ ಗುದ್ದಾಡಿ ಉಕ್ಕು ಮಾಡಿದರು, ಊರು ಮಾಡಿದರು. ನಮ್ಮ ಕಾಲದಲ್ಲಿ ಕಡಿಮೆಯಾದದ್ದು ಲಾಭವೊಂದೇ ಅಲ್ಲ, ಗುದ್ದಾಡುವವರೂ ಕಡಿಮೆಯಾದರು. 'ಕೊನೆಗೂ' ಅನ್ನೋ ಪದವನ್ನು ನಾನು ವಾಪಸ್ ತೆಗೆದುಕೊಳ್ತೀನಿ. ನ್ಯೂಟೌನಿನ ಜನ ಇನ್ನೂ ಅಲ್ಲೇ ಇದ್ದಾರೆ.

ಇದನ್ನು ಬರೆದು ಮುಗಿಸಿ ಮಾವನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿದರು. 'ಎಷ್ಟು ನಿಮಿಷ ಆಯ್ತೋ?' ಅಂದರು. ಹದಿನೈದು ನಿಮಿಷ ಆಯ್ತು ಮಾವ, ಅಂದೆ. 'ಪರವಾಗಿಲ್ಲ,' ಅಂದರು. 'ಬುಲೆಟಿನ್‌ನಲ್ಲಿ ಇನ್ನೊಂದು ಸಲ ಎರಡು ನಿಮಿಷ ಸಿಕ್ಕಿದ್ರೆ, ಒಳಗೆ ಹೋಗಿ ನೋಡ್ಕೊಂಡು ಬಂದು ಓದು.'